ಬೈಗುಳದ ಹೊನ್ನಕ್ಕ

ಹೊನ್ನಕ್ಕನ ದವಡೆ ಮುರಿದದ್ದು ಐದು ಊರಿಗೆ ಕೇಳಿಸಿತು.

ಬಾಯಿಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಕೇಳಿಸಿತು. ಐವತ್ತೇಳನೆಯ ಇಸವಿ, ಯುಗಾದಿ ಕಳೆದ ಮೂರನೆಯ ಮಂಗಳವಾರ, ಹುಣಸೇಕೊಪ್ಪಲಿನ ಉಡಸಲಮ್ಮನ ಗುಡಿಯ ಸುತ್ತ ನಾಲ್ಕು ತೆಂಗಿನಮರಗಳಿಗೆ ಮೈಕಿನ ನಾಲ್ಕು ಹಾರ್ನ್ ಕಟ್ಟಿದ್ದರು. ಅದರಲ್ಲೊಂದು ಹಳೇಕೋಟೆಯ ದಿಕ್ಕಿಗೆ ಬಾಯಿ ಮಾಡಿಕೊಂಡಿತ್ತು. ಅಲ್ಲಿನ ಹೊಲಗಳಲ್ಲಿ ಗೊಬ್ಬರ ಹರಡುತ್ತಿದ್ದವರು ಮಂಕರಿ ಇಳಿಸಿ, "ಯಾರ್ಗೋ ಸಾಯ ಒಡೀತಾವ್ರೆ ಕಣ್ಲಾ" ಎಂದು ಮಾತಾಡಿಕೊಂಡರಂತೆ.

ಹೊಡೆಸಿಕೊಂಡ ಹೊನ್ನಕ್ಕನಿಗೆ ಆಗ ಮೂವತ್ತಾರು ವರ್ಷ. ಕೇರಿಯ ತಮಟೆ ತಮ್ಮಯ್ಯನ ಹೆಂಡತಿ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅವಳ ದನಿ ಪಕ್ಕದ ಗುಡಿಸಲಿಗೂ ಕೇಳುತ್ತಿರಲಿಲ್ಲ. ಹಿಟ್ಟಿಗೆ ಬಾಯಿ ಹಾಕಿದ ಕೋಳಿಯನ್ನು ಕೂಡ ಕೈಬೀಸಿ ಓಡಿಸುವಳೇ ಹೊರತು ಉಶ್ಶೆನ್ನುವವಳಲ್ಲ. ಆದರೆ ಅಮ್ಮನ ಹಬ್ಬದ ಆ ಒಂದು ಮಂಗಳವಾರ ಅವಳು ತುರುಬು ಬಿಚ್ಚಿ, ಬೇವಿನ ಸೊಪ್ಪು ಹಿಡಿದು ಗುಡಿಯ ಮುಂದೆ ನಿಂತಳೆಂದರೆ ಇಡೀ ಊರು ಅವಳ ಬಾಯಿ ನೋಡುತ್ತಿತ್ತು. ಬಲಿಯ ಕೋಣ ಬೀಳುತ್ತಿದ್ದ ಹಾಗೆ ಅವಳು ಬೈಯಲು ಶುರುಮಾಡುತ್ತಿದ್ದಳು. ಮೊದಲು ಉಡಸಲಮ್ಮನಿಗೆ. ಆಮೇಲೆ ಪಟೇಲರ ಮನೆಯಿಂದ ಹಿಡಿದು ತನ್ನ ಗಂಡನವರೆಗೆ ಮನೆಮನೆಯ ಹೆಸರು ಹಿಡಿದು ಪದ ಕಟ್ಟಿ ಬೈಗುಳ. ಸೊಂಟದ ಕೆಳಗಿನ ಮಾತುಗಳು ಒಂದೂ ಬಿಡದೆ ಬರುತ್ತಿದ್ದವು. ಬೈಗುಳ ಬಿದ್ದ ಮನೆಗೆ ಆ ವರ್ಷ ಸಿಡುಬು ಬರುವುದಿಲ್ಲ, ಬಂಜೆಯ ಹೊಟ್ಟೆ ತೆರೆಯುತ್ತದೆ ಎಂದು ಊರು ನಂಬಿತ್ತು. ಹಾಗಾಗಿ ಹೆಸರು ಬಾರದವರು ಮುಖ ಸಣ್ಣದು ಮಾಡಿಕೊಂಡು, "ನಮ್ಮನ್ಯಾಕವ್ವ ಮರ್ತ್‌ಬುಟ್ಟೆ? ನಮ್ಗೂ ಒಂದ್ ಬಯ್ಯಿ" ಎಂದು ಕೇಳಿ ಬೈಸಿಕೊಂಡು ಹೋಗುತ್ತಿದ್ದರು. ಮರುದಿನ ಅದೇ ಜನ ಅವಳನ್ನು ಬಾವಿಯಿಂದ ಮಾರು ದೂರ ನಿಲ್ಲಿಸುತ್ತಿದ್ದರು. ಅತ್ತೆ ಮಲ್ಲಿಗಮ್ಮ ಈ ಪದಗಳನ್ನು ಕಲಿಸುವಾಗ ಒಂದೇ ಮಾತು ಹೇಳಿದ್ದಳು: "ಗುಡಿ ಮುಂದ್ಲ ಮಾತ ಗುಡಿ ಮುಂದ್ಲೇ ಬುಟ್‌ಬುಟ್ಟು ಬರ್ಬೇಕು ಕಣವ್ವ. ಮನೇಗ್ ತರ್ಬಾರ್ದು."

ಆ ವರ್ಷ ಹಬ್ಬದ ಹಿಂದಿನ ದಿನ ಅವಳು ಪಟೇಲರ ಕಣದಲ್ಲಿ ಕಸ ಗುಡಿಸುತ್ತಿದ್ದಾಗ ಪಟೇಲ ರಾಮಣ್ಣನವರ ಹೆಂಡತಿ ಜಯಲಕ್ಷ್ಮಮ್ಮ ಹುಲ್ಲಿನ ಬಣವೆಯ ಮರೆಗೆ ಬಂದು ಕರೆದರು.

"ಹೊನ್ನಿ, ನಾಳೀಕೆ ನಮ್ ರಂಗಸ್ವಾಮಿಗೆ ಚೆನ್ನಾಗ್ ಬಯ್ಯಿ. ಮೇಲ್‌ಮೇಲೆ ತೇಲ್ಸ್‌ಬ್ಯಾಡ. ಮದ್ವೆಯಾಗಿ ಮೂರ್ ವರ್ಸ ಆಯ್ತು, ಸೊಸೆ ಒಟ್ಟೆ ತೆರೀನಿಲ್ಲ."

ಹೊನ್ನಕ್ಕ ಹಿಂಜರಿದಳು. "ಚಿಕ್ಕಗೌಡ್ರು ಓದ್ದೋರು. ಕ್ವಾಪ ಮಾಡ್ಕಂಡ್ರೆ ಏನ್ ಮಾಡ್ಲವ್ವಾರೆ?"

"ಅಮ್ಮನ್ ಮುಂದೆ ಎಂಥ ಕ್ವಾಪ? ನಾನಿವ್ನಿ, ನೀನ್ ಬಯ್ಯಿ."

ರಂಗಸ್ವಾಮಿ ಹಾಸನದಲ್ಲಿ ಇಂಟರ್‌ಮೀಡಿಯಟ್‌ವರೆಗೆ ಓದಿದವನು. ಹೆಂಡತಿ ಅನಸೂಯಮ್ಮನೂ ಹಾಸನದವಳೇ, ಕಂಟ್ರಾಕ್ಟರರ ಮಗಳು. ಊರಿಗೆ ಏನಾದರೂ ಹೊಸದು ತರಬೇಕೆಂಬ ಹಂಬಲ ಅವನಿಗೆ. ಆ ಸಲ ಮಾವನ ಮನೆಯವರನ್ನೆಲ್ಲ ಹಬ್ಬಕ್ಕೆ ಕರೆದು, ಅವರ ಎದುರಿಗೆ ಮೆರೆಯಲೆಂದೇ ಚನ್ನರಾಯಪಟ್ಟಣದಿಂದ ಮೈಕ್ ಸೆಟ್ ತರಿಸಿದ್ದ. ಅದರ ಜೊತೆ ಬಂದವನು ಚಂದ್ರಯ್ಯ ಎಂಬ ತೆಳ್ಳನೆಯ ಆಸಾಮಿ. ಬ್ಯಾಟರಿಗೆ ತಂತಿ ಸಿಕ್ಕಿಸಿ, "ಹಲೋ, ಹಲೋ" ಎಂದು ಅವನು ಊದಿದಾಗ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹೋದವು. ಬೆಳಿಗ್ಗೆ ಪೂಜೆ ಆಯಿತು, ರಂಗಸ್ವಾಮಿಯ ಭಾಷಣ ಆಯಿತು. ಮಾವನವರನ್ನು ಊಟಕ್ಕೆ ಕೂರಿಸಲು ಅವನು ಮನೆಗೆ ಹೋದ.

ಇತ್ತ ಕೋಣವನ್ನು ತಂದರು. ಒಂದೇ ಏಟಿಗೆ ಬೀಳಲಿಲ್ಲ. ಎರಡನೆಯ ಏಟಿಗೆ ಮೊಣಕಾಲೂರಿತು, ಮೂರನೆಯದಕ್ಕೆ ತಲೆ ಉರುಳಿ, ರಕ್ತ ಚಿಮ್ಮಿ ಹೊನ್ನಕ್ಕನ ಪಾದದವರೆಗೆ ಹರಿಯಿತು. ತಮ್ಮಯ್ಯನ ತಮಟೆ ಜೋರಾಯಿತು. ಹೊನ್ನಕ್ಕ ತುರುಬು ಬಿಚ್ಚಿ ಇನ್ನೇನು ಬಾಯಿ ತೆರೆಯಬೇಕು, ಪಟೇಲ ರಾಮಣ್ಣನವರು ಗುಡಿಯ ಜಗುಲಿಯಿಂದ ಕೂಗಿದರು:

"ಚಂದ್ರಯ್ಯಾ, ಆ ಮೈಕ ತಂದ್ ಹೊನ್ನಿ ಬಾಯ್ತಾವ ಇಡಪ್ಪ. ಅಮ್ಮನ ಪದ ನಾಕೂರ್‌ಗೆ ಕೇಳ್ಲಿ!"

ಕಬ್ಬಿಣದ ಕೋಲಿನ ಮೇಲಿದ್ದ ಆ ಗುಂಡನೆಯ ವಸ್ತುವನ್ನು ಚಂದ್ರಯ್ಯ ಅವಳ ಮುಂದೆ ನಿಲ್ಲಿಸಿದ. ಅದೇನು ಮಾಡುತ್ತದೆಂದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಮೊದಲ ಸೊಲ್ಲಿಗೆ ತನ್ನದೇ ದನಿ ತೆಂಗಿನ ಗರಿಗಳಿಂದ ಸುರಿದಾಗ ಬೆಚ್ಚಿದಳು. ಅಮ್ಮನೇ ಮೇಲಿನಿಂದ ಹಾಡುತ್ತಿದ್ದಾಳೆ ಅನ್ನಿಸಿತು. ಮೈಗೆ ಆವೇಶ ಬಂತು. ಉಡಸಲಮ್ಮನಿಗೆ ಬೈದಳು. ಪಟೇಲರಿಗೆ ಬೈದಳು, ರಾಮಣ್ಣನವರು ಮೀಸೆಯಲ್ಲೇ ನಕ್ಕರು. ಆಮೇಲೆ ಜಯಲಕ್ಷ್ಮಮ್ಮನ ಮಾತು ನೆನಪಾಗಿ ರಂಗಸ್ವಾಮಿಗೆ ಬಂದಳು.

"ತೊಟ್ಲು ತಂದು ಮೂರೊರ್ಸ, ತೂಗೋರಿಲ್ಲ ಕಣವ್ವ
ಚಿಕ್ಕಗೌಡ ಪಂಚೆಯೊಳ್ಗೆ ಏನೂ ಇಲ್ಲ ಕಣವ್ವ
ಉಳೋಕ್ ಬಾರ್ದ ನೇಗ್ಲು ಕಟ್ಟಿ ಮೀಸೆ ತಿರುವ್ತಾನೆ
ಬಿತ್ತೋದ್ ಗೊತ್ತಿಲ್ದೆ ಇದ್ರೆ ಊರ್‌ನೇ ಕರಿ ಅನ್ನವ್ವ"

ಇದು ಅದರಲ್ಲಿ ಸೌಮ್ಯವಾದ ಭಾಗ. ಜನ ಹೋ ಎಂದು ನಕ್ಕರು. ಮುದುಕಿಯರು ಹೊನ್ನಕ್ಕನ ಕಡೆಗೆ ಕೈಮುಗಿದರು.

ಪಟೇಲರ ತೊಟ್ಟಿಮನೆಯಲ್ಲಿ ಆಗಷ್ಟೆ ಎಲೆಗೆ ಪಾಯಸ ಬಿದ್ದಿತ್ತು ಎಂಬುದು ಹೊನ್ನಕ್ಕನಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಒಂದು ಹಾರ್ನಿನ ಬಾಯಿ ನೇರ ಆ ಮನೆಗೇ ತಿರುಗಿತ್ತು. ಹಾಸನದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನಸೂಯಮ್ಮ ಸೌಟು ಇಟ್ಟು ಒಳಗೆ ಹೋದಳು. ಮಾವ ಎಲೆ ಮಡಿಸಿ, "ನಿಮ್ಮೂರಲ್ಲಿ ದೇವರ ಪೂಜೆ ಅಂದ್ರೆ ಇದೇನಪ್ಪಾ?" ಎಂದರು. ಹಿಂದಿನ ಮೂರು ವರ್ಷವೂ ರಂಗಸ್ವಾಮಿ ಗುಡಿಯ ಮುಂದೆ ನಿಂತು, ಇದಕ್ಕಿಂತ ಕಡೆಯಾದ ಬೈಗುಳವನ್ನು ತಲೆಬಗ್ಗಿಸಿ ಕೇಳಿದವನೇ. ಆದರೆ ಈಗ ಕೈತೊಳೆಯದೆ ಎದ್ದ.

ಅವನು ಬಂದದ್ದನ್ನು ಹೊನ್ನಕ್ಕ ಕಾಣಲಿಲ್ಲ, ಕಣ್ಣುಮುಚ್ಚಿ ಹಾಡುತ್ತಿದ್ದಳು. ಬಿಚ್ಚಿದ ಕೂದಲನ್ನು ಹಿಂದಿನಿಂದ ಕೈಗೆ ಸುತ್ತಿ ಎಳೆದ. ಕೋಣದ ರಕ್ತದಲ್ಲಿ ಕಾಲು ಜಾರಿ ಅಂಗಾತ ಬಿದ್ದಳು. ಎದೆಗೆ ಒದ್ದ, ಹೊಟ್ಟೆಗೆ ಒದ್ದ. ಚಂದ್ರಯ್ಯನ ಕೈ ಪೆಟ್ಟಿಗೆಯ ಮೇಲೇ ಇತ್ತು, ಗುಂಡಿ ತಿರುಗಿಸಲು ಬರಲಿಲ್ಲ, ಹೆದರಿ ಮರಗಟ್ಟಿದ್ದ. ಹಾಗಾಗಿ ಒದೆತದ ದಬ್ ದಬ್ ಸದ್ದು, ಹೊನ್ನಕ್ಕನ ಕೂಗು, ರಂಗಸ್ವಾಮಿಯ ಬೈಗುಳ ಎಲ್ಲವೂ ನಾಲ್ಕು ಹಾರ್ನಿನಿಂದ ಹೊರಟವು. ಅವಳ ತಾಯಿ, ಅವಳ ಜಾತಿ, ಅವಳ ಅಂಗಾಂಗ ಯಾವುದನ್ನೂ ಅವನು ಬಿಡಲಿಲ್ಲ. ಹೊನ್ನಕ್ಕನ ಪದದಲ್ಲಿದ್ದ ಮಾತುಗಳೇ ಅವು. ಆದರೆ ಆ ಮಾತಿಗೆ ಯಾರೂ ನಗಲಿಲ್ಲ, ಯಾರೂ ಕೈಮುಗಿಯಲಿಲ್ಲ.

ತಮ್ಮಯ್ಯ ತಮಟೆ ಬಿಸಾಕಿ ಓಡಿಬಂದ. ರಂಗಸ್ವಾಮಿಯ ಆಳು ಬೋರಪ್ಪ ಅವನನ್ನು ಅಡ್ಡಗಟ್ಟಿ ನೆಲಕ್ಕೆ ಕೆಡವಿದ. ರಂಗಸ್ವಾಮಿ ಮೈಕಿನ ಕಬ್ಬಿಣದ ಕೋಲು ಕಿತ್ತುಕೊಂಡು ತಮ್ಮಯ್ಯನ ಬಲಗೈ ಮಣಿಕಟ್ಟಿನ ಮೇಲೆ ಹೊಡೆದ. ಒಣಗಿದ ಸೌದೆ ಮುರಿದ ಹಾಗೆ ಕೇಳಿಸಿತು. ಅದೇ ಕೋಲನ್ನು ತಿರುಗಿಸಿ, ಎದ್ದು ಕೂರಲು ಹೋಗಿದ್ದ ಹೊನ್ನಕ್ಕನ ಕೆನ್ನೆಗೆ ಬೀಸಿದ. ಕೆಳದವಡೆ ಒಂದು ಕಡೆಗೆ ಜೋತುಬಿತ್ತು. ಮೂರು ಹಲ್ಲು ರಕ್ತದ ಜೊತೆ ನೆಲಕ್ಕೆ ಬಿದ್ದವು.

ಹೊನ್ನಕ್ಕ ಒಂದು ಕಣ್ಣಿನಲ್ಲಿ ನೋಡಿದಳು. ಗುಡಿಯ ಮೂಲೆಯಲ್ಲಿ ಜಯಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಇಬ್ಬರ ಕಣ್ಣೂ ಕೂಡಿದವು. "ನಾನೇ ಏಳಿದ್ದು ಕಣಪ್ಪ" ಎಂದು ಒಂದು ಮಾತು ಬರುತ್ತದೆಂದು ಹೊನ್ನಕ್ಕ ಕಾದಳು. ಜಯಲಕ್ಷ್ಮಮ್ಮ ತಿರುಗಿ ಮನೆಯ ಕಡೆಗೆ ನಡೆದರು. ಮೈಕ್ ಇಡಿಸಿದ್ದ ರಾಮಣ್ಣನವರು ಜಗುಲಿಯ ಮೇಲೆ ಕೂತೇ ಇದ್ದರು.

ಎತ್ತಿನಗಾಡಿಯಲ್ಲಿ ಹೊಳೆನರಸೀಪುರ, ಅಲ್ಲಿಂದ ಬಸ್ಸಿನಲ್ಲಿ ಹಾಸನ. ಆಸ್ಪತ್ರೆಯ ಡಾಕ್ಟರು ಅವಳ ಹಲ್ಲುಗಳನ್ನು ಮೇಲೆ ಕೆಳಗೆ ತಂತಿಯಲ್ಲಿ ಬಿಗಿದು, ಎರಡು ತಿಂಗಳು ಬಾಯಿ ತೆರೆಯಬಾರದೆಂದರು. ಹಲ್ಲು ಹೋದ ಸಂದಿಯಿಂದ ತೆಳ್ಳನೆಯ ಅಂಬಲಿ ಹೀರಿಕೊಂಡು ಬದುಕಿದಳು. ತಮ್ಮಯ್ಯನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು, ತಮಟೆಯ ಕಡ್ಡಿ ಹಿಡಿಯಲು ಆಗಲಿಲ್ಲ. ಅವನ ತಮ್ಮ ಚಲುವಯ್ಯನ ಒತ್ತಾಯಕ್ಕೆ ಠಾಣೆಗೂ ಹೋದರು. ಬರೆದುಕೊಳ್ಳುವವನು ಕೇಳಿದ:

"ಏನು ಹಾಡಿದಳು ಅನ್ನೋದನ್ನ ಇದ್ದದ್ದು ಇದ್ದ ಹಾಗೆ ಹೇಳು."

ಹೊನ್ನಕ್ಕನ ಬಾಯಿ ಕಟ್ಟಿತ್ತು. ತಮ್ಮಯ್ಯ ತಲೆ ತಗ್ಗಿಸಿದ. "ಅದ ಇಲ್ಲಿ ಏಳಕಾಗಲ್ಲ ಸಾ. ಅಮ್ಮನ್ ಮುಂದೆ ಮಾತ್ರ ಏಳೋದು."

"ನಿನಗೇ ಹೇಳೋಕೆ ನಾಚಿಕೆ ಅಂದ್ಮೇಲೆ!" ಎಂದು ಅವನು ನಕ್ಕ. ಸಾರ್ವಜನಿಕರ ಎದುರಿಗೆ ಕೆಟ್ಟ ಮಾತು ಆಡಿದ್ದರಿಂದ ಎರಡು ಕಡೆಯವರಿಗೂ ಜಗಳ ಆಯಿತೆಂದು ಬರೆದ. ಅಲ್ಲಿಗೆ ಮುಗಿಯಿತು.

ಹತ್ತು ತಿಂಗಳಿಗೆ ಅನಸೂಯಮ್ಮ ಹೆಣ್ಣುಮಗು ಹೆತ್ತಳು. ಊರಿನವರು ರಂಗಸ್ವಾಮಿಯ ಬೆನ್ನ ಹಿಂದೆ, "ಹೊನ್ನಿ ಬೈಗುಳ ಬಲೇ ಚುರುಕು ಕಣ" ಎಂದು ಆಡಿಕೊಂಡರು. ಅದು ಅವನ ಕಿವಿಗೆ ಬಿದ್ದಷ್ಟೂ ಅವನ ಹಟ ಬೆಳೆಯಿತು. ಕಮಿಟಿ ಮಾಡಿದ. ಬಲಿ ಕೂಡದೆಂಬ ಕಾನೂನು ತೋರಿಸಿ ಕೋಣದ ಬದಲು ಕುಂಬಳಕಾಯಿ ಒಡೆಸಿದ. ಗುಡಿಗೆ ಸುಣ್ಣ ಬಳಿಸಿದ. ಕೋರೆಹಲ್ಲಿನ ಕಲ್ಲಿನ ಅಮ್ಮನಿಗೆ ನಗುಮುಖದ ಬೆಳ್ಳಿಯ ಮೊಗವಾಡ ಬಂತು. ಬೈಗುಳ ನಿಂತಿತು. ಅದರ ಬದಲು ಚಂದ್ರಯ್ಯ ಗ್ರಾಮಫೋನಿನ ಪ್ಲೇಟು ಹಾಕುತ್ತಿದ್ದ. ಮೊದಲೆರಡು ದೇವರ ನಾಮ, ಆಮೇಲೆಲ್ಲ ಸಿನಿಮಾ ಹಾಡು. ಬೆಳದಿಂಗಳಲ್ಲಿ ಒಬ್ಬಳೇ ಇದ್ದೇನೆ, ಬಾ, ಅಪ್ಪಿಕೋ ಎಂದು ಯಾವಳೋ ಕರೆಯುತ್ತಿದ್ದರೆ, ಇತ್ತ ಅಮ್ಮನಿಗೆ ಹಾಲಿನ ಅಭಿಷೇಕ ಆಗುತ್ತಿತ್ತು. ಯಾರೂ ಎಲೆ ಮಡಿಸಿ ಏಳಲಿಲ್ಲ. ಹಾಸನದ ಮಾವನವರು ಕುರ್ಚಿಯ ಕೈಗೆ ತಾಳ ಹಾಕುತ್ತಿದ್ದರಂತೆ.

ಹೊನ್ನಕ್ಕ ಆ ದಿನಗಳಲ್ಲಿ ಹೊಲದಲ್ಲೇ ಉಳಿಯುತ್ತಿದ್ದಳು. ಮಾತಾಡಿದರೆ ಸಕಾರ, ರಕಾರ ತೊದಲುತ್ತಿದ್ದವು. ಸಿಟ್ಟು ಇರಲಿಲ್ಲವೆಂದಲ್ಲ. ಕಳೆ ಕೀಳುವಾಗ ಒಮ್ಮೊಮ್ಮೆ ರಂಗಸ್ವಾಮಿಯ ಕತ್ತು ಅಂದುಕೊಂಡೇ ಬುಡಕ್ಕೆ ಕೈ ಹಾಕುತ್ತಿದ್ದಳು. ಆದರೆ ಅವನಿಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದದ್ದು ಬಾಯಿ ಮುಚ್ಚಿದ್ದ ಆ ಸೆರಗು.

ಅರವತ್ತಮೂರರ ಬೇಸಗೆಯಲ್ಲಿ ಸಿಡುಬು ಬಂತು. ಮೊದಲು ಕುಂಬಾರರ ಬೈರಯ್ಯನ ಮನೆಯಲ್ಲಿ ಎರಡು ಹೆಣ ಹೊರಬಿದ್ದವು. ಎಂಟು ದಿನದಲ್ಲಿ ರಂಗಸ್ವಾಮಿಯ ಐದು ವರ್ಷದ ಮಗಳಿಗೆ ಮೈತುಂಬ ಎದ್ದಿತು. ಮಾರನೆಯ ಬೆಳಿಗ್ಗೆ ಜಯಲಕ್ಷ್ಮಮ್ಮ ಕೇರಿಯ ಬೇಲಿಯವರೆಗೆ ಬಂದರು. ಪಟೇಲರ ಮನೆಯ ಹೆಂಗಸು ಅಲ್ಲಿಗೆ ಬಂದದ್ದು ಅದೇ ಮೊದಲು.

"ಹೊನ್ನಿ, ಬೈಗುಳ ನಿಂತು ಆರೊರ್ಸ ಆಯ್ತು. ಅಮ್ಮಂಗೆ ಕ್ವಾಪ ಬಂದದೆ. ಬಾವ್ವ, ಬಂದ್ ಬಯ್ಯವ್ವ."

ಹೊನ್ನಕ್ಕ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಆವತ್ತು ಬಯ್ಸಿದ್ದು ನೀವೇ ಅಂತ ನಿಮ್ಮ ಮಗಂಗೆ ಗೊತ್ತಾ ಅವ್ವಾರೆ?"

ಜಯಲಕ್ಷ್ಮಮ್ಮನ ಕೈ ಸೆರಗಿಗೆ ಹೋಯಿತು.

"ಮೊದ್ಲು ಓಗಿ ಅದನ್ನೇಳಿ. ಆಮೇಕೆ ನನ್ ಕರೀರಿ."

"ಮಗ ಸಾಯ್ತಾ ಬಿದ್ದದೆ, ಇದಾ ಒತ್ತು?"

"ನಾನೂ ಸಾಯ್ತಾ ಬಿದ್ದಿದ್ದೆ" ಎಂದಳು ಹೊನ್ನಕ್ಕ.

ಮಧ್ಯಾಹ್ನಕ್ಕೆ ಜಯಲಕ್ಷ್ಮಮ್ಮ ಮತ್ತೆ ಬಂದರು. ಮೇಲ್ದುಟಿ ಸೀಳಿ ಗದ್ದದವರೆಗೆ ರಕ್ತ ಒಣಗಿತ್ತು. ಒಂದು ಕಿವಿಯ ಓಲೆ ಇರಲಿಲ್ಲ, ಅದಿದ್ದ ಜಾಗ ಹರಿದಿತ್ತು.

"ಏಳ್ದೆ" ಎಂದರು.

ಹೊನ್ನಕ್ಕ ಆ ತುಟಿಯನ್ನು ಬಹಳ ಹೊತ್ತು ನೋಡಿದಳು. ಎಷ್ಟೋ ವರ್ಷ ಅದನ್ನೇ ನೋಡಬೇಕೆಂದು ಬಯಸಿದ್ದಳು. ಈಗ ನೋಡಿದರೆ ಸಂತೋಷವೇನೂ ಆಗಲಿಲ್ಲ. ಮೊರ ಕೆಳಗಿಟ್ಟು ತುರುಬು ಬಿಚ್ಚಿದಳು. ತಮ್ಮಯ್ಯ, ಚಲುವಯ್ಯ, ಕೇರಿಯ ಏಳೆಂಟು ಗಂಡಸರು ಹಿಂದೆ ನಡೆದರು. ಚಲುವಯ್ಯ ದಾರಿಯಲ್ಲಿ ಎರಡು ಕಲ್ಲು ಎತ್ತಿಕೊಂಡದ್ದನ್ನು ಕಂಡೂ ಅವಳು ಬೇಡವೆನ್ನಲಿಲ್ಲ.

ಸುಡುಬಿಸಿಲು. ಮೈಕ್ ಇರಲಿಲ್ಲ, ತಮಟೆ ಇರಲಿಲ್ಲ. ಸೊಟ್ಟಬಾಯಿಂದ ಅವಳು ಶುರುಮಾಡಿದಳು. ಮೊದಲು ಉಡಸಲಮ್ಮನಿಗೆ, ಆ ಬೆಳ್ಳಿಯ ನಗುವಿಗೆ ಸೇರಿಸಿ ಬೈದಳು. ಹತ್ತು ಸೊಲ್ಲು ಆಗುವುದರೊಳಗೆ ರಂಗಸ್ವಾಮಿ ಮಚ್ಚು ಹಿಡಿದು ಬಂದ, ಜೊತೆಗೆ ದೊಣ್ಣೆ ಹಿಡಿದ ಬೋರಪ್ಪ. ಬೋರಪ್ಪ ಎತ್ತಿದ ದೊಣ್ಣೆ ಚಲುವಯ್ಯನ ನೆತ್ತಿಗೆ ಬಿತ್ತು. ರಕ್ತ ಕಣ್ಣಿಗಿಳಿದರೂ ಚಲುವಯ್ಯ ಕುರುಡುಗುರಿಯಲ್ಲಿ ಕಲ್ಲು ಬೀಸಿದ. ಅದು ಬೋರಪ್ಪನ ಮೊಣಕಾಲಿಗೆ ತಾಗಿ, ಅವನು ಕೂಗುತ್ತ ಕುಸಿದ. ರಂಗಸ್ವಾಮಿ ಅವರಿಬ್ಬರನ್ನೂ ದಾಟಿ ಹೊನ್ನಕ್ಕನ ಮೇಲೆ ಮಚ್ಚು ಎತ್ತಿದ. ಅವಳು ಹಾಡು ನಿಲ್ಲಿಸಲಿಲ್ಲ. ಹೆತ್ತವಳ ಕಿವಿ ಹರಿದವನಿಗೆ ಎಂದು ಅವನ ಹೆಸರು ಹಿಡಿದು, ಅವನ ಮುಖವನ್ನೇ ನೋಡುತ್ತ ಬೈದಳು. ಮಚ್ಚು ಇಳಿಯುವಾಗ ತಮ್ಮಯ್ಯ ಸೊಟ್ಟಗೈ ಅಡ್ಡ ಕೊಟ್ಟ. ಮೊಣಕೈ ಕೆಳಗೆ ಮಾಂಸ ಬಾಯಿಬಿಟ್ಟಿತು. ರಂಗಸ್ವಾಮಿ ಇನ್ನೊಂದು ಸಲ ಎತ್ತಿದ.

ಆಗ ಅನಸೂಯಮ್ಮ ಬಂದಳು. ಚಪ್ಪಲಿ ಇಲ್ಲ, ತಲೆ ಬಾಚಿಲ್ಲ, ಹೆಗಲ ಮೇಲೆ ಬೇವಿನಸೊಪ್ಪಿನಲ್ಲಿ ಸುತ್ತಿದ ಮಗು. ಗಂಡನ ಕಡೆ ತಿರುಗಿಯೂ ನೋಡದೆ, ರಕ್ತ ಚೆಲ್ಲಿದ ನೆಲದ ಮೇಲೆ ಹೊನ್ನಕ್ಕನ ಕಾಲ ಬಳಿ ಕೂತುಬಿಟ್ಟಳು.

"ಬಯ್ಯವ್ವ. ನಿಲ್ಲಿಸಬೇಡ. ನನಗೂ ಬಯ್ಯಿ, ಇದಕ್ಕೂ ಬಯ್ಯಿ."

ರಂಗಸ್ವಾಮಿಯ ಕೈ ಮೇಲೇ ನಿಂತಿತು. ಅಷ್ಟರಲ್ಲಿ ಕೋಲೂರಿಕೊಂಡು ಬಂದಿದ್ದ ಮುದುಕ ರಾಮಣ್ಣನವರು ಹಿಂದಿನಿಂದ ಮಚ್ಚು ಕಿತ್ತುಕೊಂಡು, ಮಗನ ಕೆನ್ನೆಗೆ ಎರಡು ಸಲ ಬಾರಿಸಿದರು.

"ಆವತ್ ಬಯ್ಸಿದ್ದು ನಿಮ್ಮವ್ವ, ಮೈಕ ಇಡ್ಸಿದ್ದು ನಾನು. ಒಡೆಯೋದಾದ್ರೆ ನಮ್ಮಿಬ್ರುನ್ನ ಯಾಕ್ಲಾ ಒಡೀನಿಲ್ಲ?" ಎಂದವರು, ದನಿ ಇಳಿಸಿ, "ನಾನೂ ಬಾಯ್ ಬುಡ್ನಿಲ್ಲ" ಎಂದರು.

ಹೊನ್ನಕ್ಕ ಪೂರಾ ಪದ ಮುಗಿಸಿದಳು. ಅನಸೂಯಮ್ಮನಿಗೆ ಬೈದಳು, ಮಗುವಿಗೆ ಬೈದಳು. ದವಡೆಯ ನೋವಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಗಿದ ಮೇಲೆ ಸೆರಗು ಹರಿದು ಗಂಡನ ಕೈ ಕಟ್ಟಿ, ಅವನನ್ನು ಕರೆದುಕೊಂಡು ಹೋದಳು.

ಮಗು ಉಳಿಯಿತು, ಎಡಗಣ್ಣು ಹೋಯಿತು. ಉಳಿದದ್ದು ಹೊನ್ನಕ್ಕನ ಬಾಯಿಂದ ಎಂದಿತು ಊರು. ಅವಳು ಮಾತ್ರ, "ಬೈರಯ್ಯನ ಮನೇಲಿ ಸತ್ತೋರ್ಗೂ ಬೈಯ್ತಿದ್ದೆ ಕಣವ್ವ, ಮೊದ್ಲೇ ಯಾರೂ ಕರೀನಿಲ್ಲ" ಎಂದು ಕೇಳಿದವರಿಗೆ ಹೇಳುತ್ತಿದ್ದಳು. ರಂಗಸ್ವಾಮಿ ಹಾಸನದಲ್ಲಿ ಮನೆ ಮಾಡಿ ಹೊರಟುಹೋದ. ಅನಸೂಯಮ್ಮ ಮಗಳೊಂದಿಗೆ ಒಂದು ವರ್ಷ ಅತ್ತೆಯ ಹತ್ತಿರವೇ ಇದ್ದು, ಆಮೇಲೆ ಹೋದಳು. ಚಲುವಯ್ಯ ಕೇರಿಯವರನ್ನು ಕೂಡಿಸಿ, ಇನ್ನು ಮೇಲೆ ಊರ ಸತ್ತ ದನ ಹೊರುವುದಿಲ್ಲ, ತಮಟೆ ಬಡಿಯುವುದಿಲ್ಲ ಎಂದು ತೀರ್ಮಾನ ಮಾಡಿಸಿದ. ಅದಕ್ಕೂ ಒಂದೆರಡು ಸಲ ದೊಣ್ಣೆ ಎದ್ದವು. ಹಾಸನದಿಂದ ಅವನು ತಂದ ಬುದ್ಧನ ಪಟವನ್ನು ಹೊನ್ನಕ್ಕ ಉಡಸಲಮ್ಮನ ಬೇವಿನಸೊಪ್ಪಿನ ಪಕ್ಕದಲ್ಲೇ ನೇತುಹಾಕಿದಳು. "ಈ ಅಪ್ಪಂಗೆ ಬೈಯೋ ಅಂಗಿಲ್ವಂತೆ" ಎಂದು ಗಂಡನಿಗೆ ಹೇಳಿದಳು. ಬೈಗುಳದ ಪದ ಕಲಿಸಿ ಎಂದು ಯಾರೂ ಕೇಳಲಿಲ್ಲ, ಅವಳೂ ಯಾರನ್ನೂ ಕರೆದು ಕಲಿಸಲಿಲ್ಲ.

ಅರವತ್ತಾರರಲ್ಲಿ ದವಡೆಯ ನೋವು ಮರುಕಳಿಸಿ ತಮ್ಮಯ್ಯನ ಜೊತೆ ಹಾಸನಕ್ಕೆ ಹೋಗಿದ್ದಳು. ಔಷಧಿ ಕಟ್ಟಿಸಿಕೊಂಡು, ಬಸ್ಸಿಗೆ ಹೊತ್ತಿದೆಯೆಂದು ಇಬ್ಬರೂ ಮಧ್ಯಾಹ್ನದ ಆಟಕ್ಕೆ ಟಾಕೀಸಿಗೆ ಹೋದರು. ಯಾವುದೋ ದೇವಿಯ ಚಿತ್ರ. ತೆರೆಯ ಮೇಲೆ ಅಮ್ಮ ಬಂದಾಗ ಹೆಂಗಸರು ಚಪ್ಪಲಿ ಬಿಟ್ಟು ಎದ್ದು ನಿಂತರು, ಒಬ್ಬಳು ಕರ್ಪೂರ ಹಚ್ಚಿದಳು. ಆ ಅಮ್ಮ ರೇಷ್ಮೆ ಉಟ್ಟು, ಮೆಲ್ಲಗೆ ನಗುತ್ತ ಇಂಪಾಗಿ ಹಾಡಿದಳು. ಅವಳ ಮುಂದೆ ಎಲ್ಲರೂ ಅಳುತ್ತಿದ್ದರು, ಬೇಡುತ್ತಿದ್ದರು.

ಹೊನ್ನಕ್ಕ ಗಂಡನ ಕಿವಿಗೆ ಬಾಗಿ ಕೇಳಿದಳು: "ಈ ಅವ್ವಂಗೆ ಯಾರೂ ಬೈಯೋದೇ ಇಲ್ವಾ?"

ಹಿಂದಿನ ಬೆಂಚಿನವನೊಬ್ಬ, "ದೇವ್ರು ಬಂದವ್ಳೆ, ಬಾಯ್ ಮುಚ್ಕಂಡ್ ನೋಡಮ್ಮ" ಎಂದು ಗದರಿದ. ಹೊನ್ನಕ್ಕ ತಿರುಗಿ ಅವನನ್ನು ನೋಡಿದಳು. ಆಮೇಲೆ ಕಾಲು ಚಾಚಿ ಕೂತು, ಕಡೆಯವರೆಗೂ ಚಿತ್ರ ನೋಡಿ, ಐದು ಗಂಟೆಯ ಬಸ್ಸಿಗೆ ಊರಿಗೆ ಹೊರಟಳು.